ಪಾಲಿಗೆ ಹೋದ ದೊಡ್ಡಾಯಿ

ನನ್ನ ಆಯಿ ನೆಮ್ಮದಿಯಾಗಿ ಕುಳಿತದ್ದನ್ನು ನಾನು ನೋಡಿದ್ದು ಕಡಿಮೆ. ನಮ್ಮ ಕಡೆ ಅಪ್ಪನ ತಾಯಿಗೆ ಆಯಿ ಎನ್ನುತ್ತೇವೆ. ಊಟಕ್ಕೆ ಕೂತರೂ ಒಂದು ಮೊಣಕಾಲು ಮೇಲೆತ್ತಿಕೊಂಡೇ ಕೂಡುತ್ತಿದ್ದಳು, ಯಾರಾದರೂ ಕರೆದರೆ ಕೂಡಲೇ ಏಳಬೇಕು ಎನ್ನುವ ಹಾಗೆ. ಮೊದಲಿನಿಂದ ಅವಳು ಹಾಗಿರಲಿಲ್ಲವಂತೆ. ಮಸ್ಕಿಯ ನಮ್ಮ ಮನೆ ಪಾಲಾದ ಮೇಲೆ ಆ ಚಡಪಡಿಕೆ ಅವಳಿಗೆ ಹತ್ತಿಕೊಂಡಿತು ಎಂದು ನನ್ನ ಅವ್ವ ಹೇಳುತ್ತಿದ್ದಳು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ನನಗಾಗ ಎಂಟೋ ಒಂಬತ್ತೋ.

ಮನೆಯಲ್ಲಿ ನನಗೆ ಇಬ್ಬರು ಆಯಿಯರು. ಮುತ್ಯಾ, ಅಂದರೆ ಅಪ್ಪನ ಅಪ್ಪ, ಎರಡು ಮದುವೆಯಾಗಿದ್ದ. ಮೊದಲ ಹೆಂಡತಿಗೆ ಮಕ್ಕಳಾಗಲಿಲ್ಲ. ಅವಳನ್ನು ನಾವು ದೊಡ್ಡಾಯಿ ಎಂದು ಕರೆಯುತ್ತಿದ್ದೆವು. ಎರಡನೆಯವಳು ಅಪ್ಪ, ಕಾಕಾ, ಅತ್ತೆ ಮೂವರನ್ನೂ ಹೆತ್ತವಳು. ಅವಳೇ ನನ್ನ ಆಯಿ. ಮುತ್ಯಾ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಹಾಗಾಗಿ ನನ್ನ ಪಾಲಿಗೆ ಅವರಿಬ್ಬರು ಯಾರದೋ ಹೆಂಡಂದಿರಲ್ಲ, ಒಂದೇ ಒಲೆಯ ಮುಂದೆ ಎದುರುಬದುರು ಕೂತು ರೊಟ್ಟಿ ಬಡಿಯುವ ಇಬ್ಬರು ಮುದುಕಿಯರು, ಅಷ್ಟೆ. ಸವತಿ ಎನ್ನುವ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಬೇರೆಯವರ ಮನೆಯ ಜಗಳ ನೋಡಿ.

ಆಯಿಯ ತವರು ಜವಳಗೇರಾ. ಆಗಿನ್ನೂ ಅಲ್ಲಿಗೆ ಕಾಲುವೆ ನೀರು ಬಂದಿರಲಿಲ್ಲ, ಬರೀ ಜೋಳ, ಹತ್ತಿ ಬೆಳೆಯುವ ಎರೆಹೊಲ. ಅವಳನ್ನು ನೋಡಿ ಒಪ್ಪಿದ್ದು ಮುತ್ಯಾ ಅಲ್ಲ, ದೊಡ್ಡಾಯಿ. ಆ ಕತೆಯನ್ನು ಆಯಿ ಎಷ್ಟು ಸಲ ಹೇಳಿದರೂ ನಗುತ್ತಲೇ ಹೇಳುತ್ತಿದ್ದಳು.

"ನಾ ಬೇವಿನ ಗಿಡದಾಗ ಕುಂತಿದ್ದೆ. ಯಾರೋ ಒಬ್ಬಾಕಿ ಕೆಳಗ ಬಂದು ನಿಂತು, ಮುಖ ಮ್ಯಾಲ ಮಾಡಿ, ‘ಏ ಹುಡುಗಿ, ನಮ್ಮ ಮನಿಗಿ ಬರ್ತೀಯೇನು?’ ಅಂದ್ಲು. ‘ನಿಮ್ಮ ಮನ್ಯಾಗ ಎಮ್ಮಿ ಅದಾವೇನು?’ ಅಂದೆ. ‘ಅದಾವ’ ಅಂದ್ಲು. ‘ಹಂಗಾರ ಬರ್ತೀನಿ’ ಅಂದೆ. ಹಿಂಗಾತು ನೋಡು ನನ್ನ ಲಗ್ನ."

ನಗುತ್ತಾ ಹೇಳಿದರೂ ಮಸ್ಕಿಗೆ ಬರುವಾಗ ಅವಳಿಗೆ ಜೀವ ಬಾಯಿಗೆ ಬಂದಿತ್ತು. ಹಿರಿಯ ಹೆಂಡತಿ ಹೊಡೆಯುತ್ತಾಳೆ, ಉಪವಾಸ ಕೆಡವುತ್ತಾಳೆ ಎಂದು ತವರಿನ ಹೆಂಗಸರು ಹೆದರಿಸಿ ಕಳಿಸಿದ್ದರು. ಬಂದ ಹೊಸದರಲ್ಲಿ ಅವಳು ಮೂಲೆಯಲ್ಲಿ ಕೂತು ಅಳುತ್ತಿದ್ದರೆ ದೊಡ್ಡಾಯಿ ಬಂದು ಎಮ್ಮೆಯ ಹಗ್ಗ ಅವಳ ಕೈಗೆ ಕೊಟ್ಟು, "ಅಳೋದಿದ್ರ ಹಳ್ಳದ ಕಡೆ ಹೊಡಕೊಂಡು ಹೋಗಿ ಅಳು, ಎಮ್ಮಿನರ ನೀರು ಕುಡಿತೈತಿ" ಎಂದಿದ್ದಳಂತೆ. ವರ್ಷಗಟ್ಟಲೆ ಅವಳನ್ನು ತನ್ನ ಪಕ್ಕದಲ್ಲೇ ಮಲಗಿಸಿಕೊಂಡಳು. ಅಪ್ಪ ಹುಟ್ಟಿದಾಗ ಆಯಿ ಕೂಸನ್ನು ಎತ್ತಿ ದೊಡ್ಡಾಯಿಯ ಉಡಿಗೆ ಹಾಕಿದಳು. ಮಕ್ಕಳು ಮೂವರೂ ಬೆಳೆದದ್ದು ಆ ಉಡಿಯಲ್ಲಿಯೇ. ಅವರು ದೊಡ್ಡಾಯಿಯನ್ನು "ಅವ್ವ" ಎನ್ನುತ್ತಿದ್ದರು, ಹೆತ್ತವಳನ್ನು "ಸಣ್ಣವ್ವ."

ಕಾಕಾ ಉರ್ದು ಕಲಿತು ಲಿಂಗಸುಗೂರಿನ ಕಚೇರಿಯಲ್ಲಿ ಬರೆಯುವ ಕೆಲಸಕ್ಕೆ ಸೇರಿದ್ದ. ಅಪ್ಪ ಹೊಲ ನೋಡಿಕೊಳ್ಳುತ್ತಿದ್ದ. ಒಂದು ಬೇಸಿಗೆಯಲ್ಲಿ ಅಪ್ಪ, ತಮ್ಮನಿಗೆ ಒಂದು ಮಾತೂ ಹೇಳದೆ, ಹೊಲದ ಬದುವಿನ ಬನ್ನಿಗಿಡ ಕಡಿಸಿ ಗಾಡಿಯ ಮೂಕಿ ಮಾಡಿಸಿದ. ಕಾಕಾ ರಜೆಯಲ್ಲಿ ಬಂದವನು ಬೋಳು ಬದು ನೋಡಿದ. ಅಲ್ಲಿಂದ ಸುರುವಾದ ಮಾತು ನಿಲ್ಲಲೇ ಇಲ್ಲ. ಗಿಡದಿಂದ ಬದುವಿಗೆ, ಬದುವಿನಿಂದ ಹೊಲಕ್ಕೆ, ಹೊಲದಿಂದ ಒಬ್ಬರ ಹೆಂಡತಿ ಇನ್ನೊಬ್ಬರ ಹೆಂಡತಿಗೆ ಎಂದೋ ಅಂದ ಮಾತಿಗೆ ಹರಿದು ಹೋಗಿ, ಕೊನೆಗೆ ಪಂಚರು ಬಂದು ನಮ್ಮ ಪಡಸಾಲೆಯಲ್ಲಿ ಕೂತರು.

ಹೊಲ ಹಂಚಿದರು, ಎತ್ತು ಹಂಚಿದರು, ಹಂಡೆ ಕೊಡ ಹಂಚಿದರು. ಎಲ್ಲ ಮುಗಿದ ಮೇಲೆ ಪಂಚರಲ್ಲಿ ಒಬ್ಬ ಎಲೆಅಡಿಕೆ ಹಾಕಿಕೊಳ್ಳುತ್ತ, "ಇನ್ನ ಮುದುಕೇರದು ಹೆಂಗ್ರಪಾ?" ಎಂದ.

"ಇಬ್ರೂ ಇಲ್ಲೇ ಇರ್ತಾರ" ಎಂದ ಅಪ್ಪ.

"ಇಬ್ರೂ ನಿನಗಾ? ನಾ ಏನು ಕಲ್ಲಾಗ ಹುಟ್ಟೀನೇನು?" ಕಾಕಾನ ಧ್ವನಿ ಏರಿತು. "ನನಗ ಅವ್ವನ್ನ ಕೊಡ್ರಿ. ನನ್ನ ಮನ್ಯಾಗ ಹಸಿಗೂಸು ಐತಿ. ಎರೆದು ಹಾಕಾಕ ಒಂದು ಹಿರಿ ಜೀವ ಬೇಕು."

ಪಂಚರಿಗೆ ಅದು ಸರಿ ಕಂಡಿತು. ಹೆತ್ತ ತಾಯಿ ಹಿರಿಯ ಮಗನ ಹತ್ತಿರ, ಸಾಕಿದ ತಾಯಿ ಕಿರಿಯವನ ಹತ್ತಿರ. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ. ಒಳಗೆ ಅವರಿಬ್ಬರೂ ಅದೇ ಪಂಚರ ಊಟಕ್ಕೆ ರೊಟ್ಟಿ ಬಡಿಯುತ್ತಿದ್ದರು. ಸದ್ದಿನಲ್ಲಿ ಹೊರಗಿನ ಮಾತು ಅವರಿಗೆ ಕೇಳಿರಲಿಲ್ಲ. ನನ್ನ ಅವ್ವ ಹೋಗಿ ಹೇಳಿದಾಗ ದೊಡ್ಡಾಯಿಯ ಕೈ ಹಿಟ್ಟಿನ ಮೇಲೆ ನಿಂತಿತು. ಆಯಿ ಹೆಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತಳು. ಅದು ಕಪ್ಪಾಗಿ ಹೊಗೆ ಎದ್ದರೂ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಕಾಕಾನ ಗಾಡಿ ಹೊರಟಿತು. ದೊಡ್ಡಾಯಿ ಒಂದು ಗಂಟು ಹಿಡಿದುಕೊಂಡು ಹತ್ತಿದಳು. ಕಳಿಸಲು ಓಣಿಯೆಲ್ಲ ಬಂದಿತ್ತು, ಆಯಿ ಮಾತ್ರ ಬರಲಿಲ್ಲ. ಅವಳು ಹಿಂದೆ ಕೊಟ್ಟಿಗೆಯಲ್ಲಿ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ನಾನು ಹೋಗಿ ಕೈ ಜಗ್ಗಿದರೆ, "ಹೋತೇನು ಗಾಡಿ?" ಎಂದು ಕೇಳಿದಳು. ಹೋಯಿತು ಎಂದೆ. ಅಲ್ಲಿಂದ ಸೀದಾ ಹೊರಬಂದು ಕೊಡ ತೆಗೆದುಕೊಂಡು ಹಳ್ಳಕ್ಕೆ ನಡೆದಳು. ಮನೆಯಲ್ಲಿ ಹಂಡೆ ತುಂಬ ನೀರಿತ್ತು.

ಆಮೇಲೆ ದಿನವೂ ಹಾಗೆಯೇ. ಬೀಸಿದ ಹಿಟ್ಟನ್ನೇ ಮತ್ತೆ ಬೀಸಲು ಕೂಡುವಳು, ಅರ್ಧಕ್ಕೆ ಎದ್ದು ಬಾಗಿಲಿಗೆ ಹೋಗುವಳು. ಲಿಂಗಸುಗೂರಿನ ಕಡೆಯಿಂದ ಗಾಡಿ ಬಂದ ಸದ್ದಾದರೆ ಸೆರಗು ಹೊದ್ದುಕೊಂಡು ರಸ್ತೆಗೆ ಓಡುವಳು. ಗಾಡಿಯವರಿಗೆ ಕಾಕಾನ ಮನೆ ಎಲ್ಲಿ ಗೊತ್ತಿರುತ್ತದೆ? ಆದರೂ ಕೇಳುವಳು: "ನಮ್ಮಕ್ಕನ್ನ ನೋಡಿದ್ರೇನಪಾ? ಎತ್ತರನಾಕಿ, ಹಣಿ ಮ್ಯಾಲ ಹಚ್ಚಿ ಐತಿ." ಯಾರೂ ನೋಡಿರುತ್ತಿರಲಿಲ್ಲ. ಅನ್ನಕ್ಕೆ ಎರಡು ಸಲ ಉಪ್ಪು ಬೀಳುತ್ತಿತ್ತು, ಇಲ್ಲವೇ ಬೀಳುತ್ತಲೇ ಇರಲಿಲ್ಲ. ಅವ್ವ ಅವಳನ್ನು ಒಲೆಯಿಂದ ದೂರ ಕೂರಿಸಿದಳು. ಕೂತರೆ ತಾನೇ?

"ಒಂದು ಸಲ ಹೋಗಿ ಬರ್ತೀನಪಾ" ಎಂದು ಅಪ್ಪನನ್ನು ಕೇಳಿದಳು.

"ಅವನ ಮನಿ ಹೊಸ್ತಿಲ ಈ ಮನಿಯವರು ಯಾರೂ ತುಳ್ಯಾಂಗಿಲ್ಲ" ಎಂದ ಅಪ್ಪ. ಅಪ್ಪ ಕೆಟ್ಟವನಲ್ಲ. ಆದರೆ ತಮ್ಮನು ಹೊಲ ಒಯ್ದದ್ದಕ್ಕಿಂತ ದೊಡ್ಡಾಯಿಯನ್ನು ಒಯ್ದದ್ದು ಅವನಿಗೆ ಹೆಚ್ಚು ಚುಚ್ಚಿತ್ತು. ಅದನ್ನು ಬಾಯಿ ಬಿಟ್ಟು ಹೇಳಲಾರದೆ ಹೊಸ್ತಿಲಿನ ಮೇಲೆ ಸಿಟ್ಟು ತೀರಿಸಿಕೊಂಡಿದ್ದ.

ದೀಪಾವಳಿ ಕಳೆದ ಮೇಲೆ ಒಂದು ದಿನ ಆಯಿ, "ಸಿಂಧನೂರಿಗಿ ಹೋಗಿ ಮಗಳನ್ನರ ನೋಡಿ ಬರ್ತೀನಿ" ಎಂದಳು. ಅತ್ತೆಯ ಮನೆ ಸಿಂಧನೂರಿನಲ್ಲಿ. ಆಕೆಯ ಗಂಡ, ನನ್ನ ಮಾಮ, ಅಲ್ಲಿ ಚಿಕ್ಕ ಬಟ್ಟೆ ಅಂಗಡಿ ಇಟ್ಟಿದ್ದ. ಅದಕ್ಕೆ ಬೇಡ ಎನ್ನಲು ಅಪ್ಪನಿಗೆ ಕಾರಣ ಸಿಗಲಿಲ್ಲ. ಹತ್ತಿ ಹೇರಿಕೊಂಡು ಹೊರಟ ಗಾಡಿಯಲ್ಲಿ ನಮ್ಮಿಬ್ಬರಿಗೆ ಜಾಗ ಮಾಡಿಸಿದ. ಹತ್ತಿಯ ಮೇಲೆ ಮೆತ್ತಗೆ ಕೂತು ಹೋಗುವುದು ನನಗೆ ಹಬ್ಬವಾಗಿತ್ತು. ಆಯಿಗೆ ಎತ್ತುಗಳ ನಡಿಗೆ ಸಾಲಲಿಲ್ಲ. ಇಳಿದು ಗಾಡಿಗಿಂತ ಮುಂದೆ ನಡೆಯುವಳು, ಗಾಡಿಯವನು ಕೂಗಿ ಕರೆದರೆ ನಿಲ್ಲುವಳು, ಮತ್ತೆ ಮುಂದೆ ಹೋಗುವಳು.

ಅತ್ತೆ ನಮ್ಮನ್ನು ಕಂಡು ಹಿಗ್ಗಿದಳು. ಆಯಿ ನೀರು ಕುಡಿಯುವ ಮೊದಲೇ ಮಾಮನಿಗೆ, ಲಿಂಗಸುಗೂರಿಗೆ ಹೋಗುವವರು ಯಾರಾದರೂ ಇದ್ದಾರೇನು ಎಂದು ಕೇಳಿದಳು. ಅಂಗಡಿಗೆ ಬರುವ ಒಬ್ಬ ಗಿರಾಕಿ ಮರುದಿನ ಮೋಟಾರಿನಲ್ಲಿ ಹೋಗುವವನಿದ್ದ. ಆಯಿ ತಾನೇ ಅಂಗಡಿಯ ಕಟ್ಟೆಗೆ ಹೋಗಿ ಅವನ ಹತ್ತಿರ ಏನೋ ಹೇಳಿ ಬಂದಳು. ಏನು ಹೇಳಿದಳೆಂದು ನಮಗಾರಿಗೂ ತಿಳಿಯಲಿಲ್ಲ. ಮನೆಗೆ ಬಂದವಳು ಅಂಗಳದಲ್ಲಿ ತಿರುಗತೊಡಗಿದಳು.

"ಕುಂದರು ಬೇ, ನಿನ್ನ ನೋಡಿ ನನಗ ತಲಿ ತಿರುಗಾಕತ್ತೈತಿ" ಎಂದಳು ಅತ್ತೆ.

"ಕುಂದರ್ತೀನಿ, ಕುಂದರ್ತೀನಿ" ಎನ್ನುತ್ತಲೇ ಹಿತ್ತಲಿಗೆ ಹೋದಳು.

ಒಂದು ದಿನ ನಡುವೆ ಕಳೆದು, ಮಧ್ಯಾಹ್ನದ ಹೊತ್ತಿಗೆ ದೊಡ್ಡಾಯಿ ಬಂದಳು. ಬಂದಳು ಎನ್ನುವುದಕ್ಕಿಂತ ಬಾಗಿಲಿಗೆ ಬಂದು ಬಿದ್ದಳು ಎನ್ನಬೇಕು. ಮೈಯೆಲ್ಲ ಕೆಂಪು ಧೂಳು, ಕಾಲಲ್ಲಿ ಚಪ್ಪಲಿ ಇಲ್ಲ, ಏದುಸಿರು. ಅತ್ತೆ ಆಗ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಒಳಗೆ ಹೋಗುತ್ತಿದ್ದಳು. ದೊಡ್ಡಾಯಿ ಅವಳ ಮುಖ, ಕೈ, ಹೊಟ್ಟೆ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

"ಅದೀಯೇನು ಬೇ? ಹಾಸಿಗಿ ಹಿಡದೀದಿ ಅಂದ್ರಲ್ಲ? ಉಳ್ಯಾಂಗಿಲ್ಲ ಅಂದ್ರಲ್ಲ?"

"ಯಾರಂದ್ರು ಯವ್ವಾ? ನನಗೇನಾಗೇತಿ?" ಅತ್ತೆ ಕಣ್ಣು ಕಣ್ಣು ಬಿಟ್ಟಳು.

ದೊಡ್ಡಾಯಿ ತಿರುಗಿ ನೋಡಿದಳು. ಆಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಮುಖದಲ್ಲಿ ಅಳುವೂ ನಗುವೂ ಒಟ್ಟಿಗೆ. ಎರಡು ಹೆಜ್ಜೆ ಮುಂದೆ ಬಂದಳು. ದೊಡ್ಡಾಯಿಗೆ ಎಲ್ಲ ಹೊಳೆದಿರಬೇಕು. ಹೋಗಿ ಕಂಬಕ್ಕೆ ಒರಗಿ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಯಿ ನೀರು ತಂದು ಕೊಟ್ಟರೆ ತಂಬಿಗೆಯನ್ನು ಕೈಯಿಂದ ದೂಡಿದಳು.

ಅವತ್ತೆಲ್ಲ ಮಾತಿಲ್ಲ. ಮರುದಿನವೂ ಇಲ್ಲ. ಎಷ್ಟೋ ತಿಂಗಳ ಮೇಲೆ ಕೂಡಿದವರು ಒಂದೇ ಅಂಗಳದಲ್ಲಿ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂತಿದ್ದರು. ಆಯಿ ಅಕ್ಕನಿಗೆ ಇಷ್ಟವೆಂದು ಪುಂಡಿಪಲ್ಲೆ ಮಾಡಿದಳು; ದೊಡ್ಡಾಯಿ ಬರೀ ಮಜ್ಜಿಗೆ ರೊಟ್ಟಿ ತಿಂದು ಎದ್ದಳು. ಆಯಿಗೆ ನಿಂತಲ್ಲಿ ನಿಲ್ಲಲಾಗದು. ಹಿತ್ತಲಿನ ಜಾಲಿಮುಳ್ಳಿನ ಬೇಲಿಯ ಪಕ್ಕದಲ್ಲಿ ಬರಿಗಾಲಲ್ಲಿ ಅತ್ತಿಂದಿತ್ತ ತಿರುಗಿ ಹಿಮ್ಮಡಿಗೆ ಮುಳ್ಳು ಚುಚ್ಚಿಸಿಕೊಂಡಳು. ಯಾರಿಗೂ ಹೇಳದೆ ಕುಂಟುತ್ತ ಓಡಾಡಿದಳು.

ಬೇಳೆ ಹಸನು ಮಾಡುತ್ತ ಕೂತಿದ್ದ ದೊಡ್ಡಾಯಿ ಮೊರದಿಂದ ಕಣ್ಣು ಎತ್ತದೆ ಕೇಳಿದಳು: "ಕಾಲಿಗಿ ಏನಾಗೇತಿ?"

"ಏನಿಲ್ಲ."

"ಏನಿಲ್ಲ ಅಂದ್ರ ಕುಂಟಾಕತ್ತೀದಿ ಯಾಕ? ಬಾ ಇಲ್ಲಿ. ಕುಂದರು."

ಆಯಿ ಕೂತಳು. ದೊಡ್ಡಾಯಿ ಅವಳ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ನನ್ನನ್ನು ಓಡಿಸಿ ಎಕ್ಕದ ಹಾಲು ತರಿಸಿ, ಸೂಜಿಯಿಂದ ಮುಳ್ಳು ಕೆದಕತೊಡಗಿದಳು. ಬೈಗುಳವೂ ಅಲ್ಲಿಂದಲೇ ಸುರುವಾಯಿತು.

"ಇದ್ದ ಒಬ್ಬ ಮಗಳು ಸಾಯಾಕತ್ತಾಳ ಅಂತ ಹೇಳಿ ಕಳಸಾಕ ನಾಲಿಗಿ ಹೆಂಗ ಹೊರಳ್ತು ನಿನಗ? ಮೋಟಾರಿನ್ಯಾಗ ಕುಂತು ನಾ ಏನೇನು ನೆನಸ್ಗೊಂಡೆ ಗೊತ್ತೈತೇನು? ಮಣ್ಣು ಮಾಡ್ಯಾರೋ ಏನೋ ಅಂತ ನೆನಸ್ಗೊಂಡೆ."

"ನನಗ ಬ್ಯಾರೆ ಏನೂ ತಿಳೀಲಿಲ್ಲ ಅಕ್ಕಾ. ಮಸ್ಕ್ಯಾಗಿದ್ದು ನಾ ಸಾಯಾಕತ್ತೀನಿ ಅಂತ ಹೇಳಿ ಕಳಸಿದ್ರ ನೀ ಮಸ್ಕಿಗಿ ಬರಬೇಕಾಗ್ತಿತ್ತು. ಮಸ್ಕಿಗಿ ನಿನ್ನ ಸಣ್ಣ ಮಗ ಕಳಸ್ತಿದ್ದಿಲ್ಲ."

ದೊಡ್ಡಾಯಿ ಸೂಜಿ ಹಿಡಿದ ಕೈ ನಿಲ್ಲಿಸಿ ಅವಳನ್ನೇ ನೋಡಿದಳು. "ಸೊರಗೀದಿ" ಎಂದಳು. ಮತ್ತೆ ತಲೆ ಬಗ್ಗಿಸಿ ಮುಳ್ಳು ತೆಗೆದಳು.

ಆಮೇಲೆ ಅವರ ಮಾತು ಮುಗಿಯಲಿಲ್ಲ. ಕಾಕಾನ ಕೂಸು ಹೇಗೆ ಹೊರಳುತ್ತದೆ, ನಮ್ಮ ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಲಿಂಗಸುಗೂರಿನ ನೀರು ಹೇಗೆ ಬೇಳೆ ಬೇಯಿಸುವುದಿಲ್ಲ. ಊರಿಗೆ ಹೋಗುವ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ದಿನಗಳು ಹೋದವು. ಕೊನೆಗೆ ಕಾಕಾ ರಜಾ ಹಾಕಿ ಬಂದ. ಮಾಮ ಇದೇ ಸಮಯವೆಂದು ಅಪ್ಪನಿಗೂ ಹೇಳಿ ಕಳಿಸಿದ್ದ; ಅಪ್ಪನೂ ಗಾಡಿ ಹೂಡಿಕೊಂಡು ಬಂದ. ಅಣ್ಣತಮ್ಮಂದಿರು ಅತ್ತೆಯ ಪಡಸಾಲೆಯ ಎರಡು ತುದಿಗೆ ಕೂತರು. ಒಬ್ಬನ ಮೈಮೇಲೆ ಕಚೇರಿಯ ಕರಿ ಕೋಟು, ಇನ್ನೊಬ್ಬನ ತಲೆಗೆ ರುಮಾಲು. ಮುಖ ಮಾತ್ರ ಅಚ್ಚು ಒಂದೇ.

"ಅವ್ವಾ, ನಡಿ ಬೇ" ಎಂದ ಕಾಕಾ. "ಕೂಸು ನಿನ್ನ ಬಿಟ್ರ ಯಾರ ಕೈಯಾಗೂ ಮಲಗವಲ್ದು."

"ಸಣ್ಣವ್ವಾ, ಗಾಡಿ ತಂದೀನಿ, ಏಳು" ಎಂದ ಅಪ್ಪ.

ದೊಡ್ಡಾಯಿ ಎಂದೂ ಜೋರಾಗಿ ಮಾತಾಡಿದವಳಲ್ಲ. ಅವತ್ತೂ ಆಡಲಿಲ್ಲ. "ಅವತ್ತ ಪಂಚರ ಮುಂದ ಹಂಡೆ ಕೊಡದ ಜೋಡಿ ನಮ್ಮನ್ನೂ ಹಂಚ್ಕೊಂಡ್ರಿ. ನಾವು ಒಳಗಽ ಇದ್ವಿ. ನಿಮ್ಮಿಬ್ಬರೊಳಗ ಒಬ್ಬಾಂವರ ಒಳಗ ಬಂದು, ಹೆಂಗ ಮಾಡೂಣ ಬೇ ಅಂತ ಕೇಳಿದ್ರೇನು?"

ಕಾಕಾ ತಲೆ ತಗ್ಗಿಸಿದ. ಅಪ್ಪ, "ನಾ ಇಬ್ರೂ ಇಲ್ಲೇ ಇರಲಿ ಅಂತ ಅಂದಿದ್ನಿ" ಎಂದ.

"ಅಂದಿ. ಅವನ್ನ ಸೋಲಸಾಕ ಅಂದಿ."

ಅತ್ತೆ ಒಳಗೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು. ದೊಡ್ಡಾಯಿ ತನ್ನ ಗಂಟು ಎಳೆದುಕೊಂಡು, "ಕೂಸು ಐತಿ. ನಾ ಹೋಗಲೇಬೇಕು" ಎಂದು ಎದ್ದಳು. ಆಯಿ ಮತ್ತೆ ರಸ್ತೆಗೆ ಓಡುವುದು, ಗಾಡಿಯವರನ್ನು ಕೇಳುವುದು ಎಲ್ಲ ಕಣ್ಣ ಮುಂದೆ ಬಂತು. ಆದರೆ ಆಯಿ ಆಗಲೇ ತನ್ನ ಸೀರೆಗಳನ್ನು ಮಡಿಚಿ ಅದೇ ಗಂಟಿನೊಳಗೆ ತುರುಕುತ್ತಿದ್ದಳು.

"ನೀ ಎಲ್ಲಿಗಿ?" ಎಂದ ಅಪ್ಪ.

"ಅಕ್ಕ ಹೋದಲ್ಲಿಗಿ."

"ನನ್ನ ಮನಿ?"

"ನಿನ್ನ ಮನ್ಯಾಗ ನಿನ್ನ ಹೆಂಡ್ತಿ ಅದಾಳ, ದನ ಅದಾವ. ಸುಗ್ಗಿಗಿ ನಾವಿಬ್ರೂ ಬರ್ತೀವಿ. ಕರ್ಯಾಕ ನೀನಽ ಬರಬೇಕು, ನಿನ್ನ ತಮ್ಮನ ಮನಿಗಿ. ಬ್ಯಾರೆ ಯಾರನ್ನರ ಕಳಿಸಿದ್ರ ಬರಾಂಗಿಲ್ಲ."

ನಾನು ಅವಳ ಸೆರಗು ಹಿಡಿದುಕೊಂಡೆ. ನಾನೂ ಬರುತ್ತೇನೆ ಎಂದು ಅಳುತ್ತ ಹೊರಳಾಡಿದೆ. ಅವಳು ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, "ನೀ ನಿಮ್ಮಪ್ಪನ ಜೋಡಿ ಹೋಗು. ಅವಗ ಒಬ್ಬಾಂವಗ ದಾರಿ ಸಾಗಂಗಿಲ್ಲ" ಎಂದಳು. ಅವರ ಮೋಟಾರು ಹೋಗುವವರೆಗೆ ಅಪ್ಪ ಗಾಡಿ ಹೂಡಲಿಲ್ಲ. ಆಯಿ ಹೇಳಿದ್ದು ನಿಜವಾಗಿತ್ತು, ನಾನಿರದಿದ್ದರೆ ಅಪ್ಪ ಹೊಲದ ನಡುವೆ ಎಲ್ಲೋ ಗಾಡಿ ನಿಲ್ಲಿಸಿಬಿಡುತ್ತಿದ್ದ.

ಮನೆಯಲ್ಲಿ ಈಗ ನನ್ನ ಸರದಿ. ಶಾಲೆಯಿಂದ ಬಂದವಳು ಒಳಗೆ ಹೋಗದೆ ರಸ್ತೆಗೆ ಹೋಗುತ್ತಿದ್ದೆ. ರೊಟ್ಟಿ ಸೇರುತ್ತಿರಲಿಲ್ಲ. ಆಯಿಯ ಮೇಲೆ ನನಗೆ ಬಹಳ ಸಿಟ್ಟಿತ್ತು. ಅಪ್ಪನಿಗೂ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಹೊಲದಿಂದ ಬಂದವನು ಚಪ್ಪಲಿ ಬಿಡದೆ ಅಂಗಳದಲ್ಲಿ ನಿಂತು, ಏನೋ ಮರೆತವನ ಹಾಗೆ ಮತ್ತೆ ಹೊರಗೆ ಹೋಗುತ್ತಿದ್ದ. ಜೋಳ ಇನ್ನೂ ಹಾಲುಗಾಳಾಗಿರುವಾಗಲೇ ಒಂದು ಬೆಳಿಗ್ಗೆ ಗಾಡಿ ಹೂಡಿದ. ಅವ್ವ, "ಸುಗ್ಗಿಗಿ ಇನ್ನಾ ದಿನ ಐತ್ರಿ" ಎಂದಳು. "ಹೋಗಿ ಮುಟ್ಟಾಕ ದಿನ ಬೇಕಲ್ಲ" ಎಂದ. ಲಿಂಗಸುಗೂರು ಒಂದು ದಿನದ ದಾರಿ.

ತಮ್ಮನ ಬಾಗಿಲಲ್ಲಿ ಏನಾಯಿತೆಂದು ಅವ್ವ ಕೇಳಿದಾಗ ಅಪ್ಪ ಹೇಳಿದ್ದು ಇಷ್ಟೆ: "ಗಾಡಿ ತಂದೀನಿ ಅಂದೆ. ಚಪ್ಪಲಿ ಬಿಟ್ಟು ಒಳಗ ಬಾ ಅಂದ." ಹೊಲ ಮತ್ತೆ ಕೂಡಲಿಲ್ಲ, ಬದುವಿನ ಮಾತನ್ನು ಇಬ್ಬರೂ ಸಾಯುವ ತನಕ ಬಿಡಲಿಲ್ಲ. ಆದರೆ ಅಂದಿನಿಂದ ಇಬ್ಬರು ಮುದುಕಿಯರೂ ಸುಗ್ಗಿಗೆ ಮಸ್ಕಿ, ಬೇಸಿಗೆಗೆ ಲಿಂಗಸುಗೂರು, ನಡುವೆ ಸಿಂಧನೂರು ಎಂದು ಒಂದೇ ಗಂಟು ಹೊತ್ತುಕೊಂಡು ತಿರುಗತೊಡಗಿದರು. ಆಯಿಯ ಚಡಪಡಿಕೆ ಹೋಗಲಿಲ್ಲ. ಕೂತಲ್ಲಿಂದ ಏಳುವುದು ಅವಳಿಗೆ ಅಭ್ಯಾಸವೇ ಆಗಿಬಿಟ್ಟಿತ್ತು.

ನಾನು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ, "ಅವತ್ತ ನನ್ನ ಯಾಕ ಬಿಟ್ಟು ಹೋದಿ ಆಯಿ?" ಎಂದು. ಅವಳು ಸ್ವಲ್ಪವೂ ಯೋಚಿಸಲಿಲ್ಲ. "ನಿನಗ ನಿಮ್ಮವ್ವ ಇದ್ಲು. ಅಕ್ಕಗ ನಾನಽ ಅಲ್ಲೇನು?" ಎಂದಳು.

ನಿಜಾಮರ ಆಳ್ವಿಕೆ ಮುಗಿದ ಗಲಾಟೆಯ ವರ್ಷ ಅವರಿಬ್ಬರೂ ಲಿಂಗಸುಗೂರಿನಲ್ಲಿದ್ದರು. ದಾರಿಗಳು ಬಂದಾದವು. ಬಂದೂಕು ಹಿಡಿದವರು ಹಳ್ಳಿ ಹೊಕ್ಕರು ಎಂದು ಒಬ್ಬ ಹೇಳಿದರೆ, ಜನ ಊರು ಬಿಟ್ಟು ಹೊಳೆ ದಾಟಿ ಹೋದರು ಎಂದು ಇನ್ನೊಬ್ಬ. ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕುತ್ತಿದ್ದೆವು. ಮಳೆಗಾಲ ಪೂರ್ತಿ ಇಬ್ಬರು ಮುದುಕಿಯರ ಸುದ್ದಿಯಿರಲಿಲ್ಲ. ಅಪ್ಪ ಎರಡು ಸಲ ಹೊರಟು ಅರ್ಧ ದಾರಿಯಿಂದ ತಿರುಗಿ ಬಂದ. ನಿಜಾಮರ ಸರ್ಕಾರ ಹೋಯಿತು, ಇನ್ನು ಹೆದರಿಕೆಯಿಲ್ಲ ಎಂದು ಜನ ಅಂದ ಮೇಲೆ ಅವನ ಗಾಡಿ ಹೊರಟಿತು. ಅದು ತಿರುಗಿ ಬರುವ ತನಕ ನಾನೂ ಅವ್ವನೂ ಮನೆಯೊಳಗೆ ಇದ್ದ ನೆನಪಿಲ್ಲ.

ಮೂರನೆಯ ಸಂಜೆ ಹಳ್ಳದ ಆಚೆ ದಂಡೆಯಲ್ಲಿ ಗಾಡಿ ಕಂಡಿತು. ನೀರಿನ್ನೂ ಮೊಣಕಾಲುದ್ದ ಇತ್ತು. ಎತ್ತು ನೀರಿಗಿಳಿಯುವ ಮೊದಲೇ ಅವರ ದನಿ ಈಚೆಗೆ ಕೇಳಿಸಿತು. ಕುಟ್ಟಿದ ಖಾರದ ಗಡಿಗೆಯನ್ನು ಕಾಕಾನ ಮನೆಯಲ್ಲಿಯೇ ಮರೆತು ಬಂದಿದ್ದರು. ಮರೆತದ್ದು ಯಾರು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

"ನಿನ್ನ ಕೈಯಾಗ ಕೊಟ್ಟಿದ್ನಿ" ಎನ್ನುತ್ತಿದ್ದಳು ದೊಡ್ಡಾಯಿ.

"ಕೊಟ್ಟಿದ್ದಿಲ್ಲ. ಕೊಡ್ತೀನಿ ಅಂದಿದ್ದಿ" ಎನ್ನುತ್ತಿದ್ದಳು ಆಯಿ.

ಅಪ್ಪ ಎತ್ತುಗಳನ್ನು ಗದರಿಸುತ್ತ ನೀರಿಗಿಳಿಸಿದ. ಆಯಿ ನನ್ನನ್ನು ನೋಡಿದವಳೇ ನಡುನೀರಿನಲ್ಲಿ ಗಾಡಿಯಿಂದ ಇಳಿದುಬಿಟ್ಟಳು. ಸೀರೆ ನೆನೆಯುತ್ತದೆ ಎಂದು ದೊಡ್ಡಾಯಿ ಹಿಂದಿನಿಂದ ಕೂಗುತ್ತಲೇ ಇದ್ದಳು.